ನಲವತ್ತು ದಾಟಿದ ಮೇಲೆ ಬೇಸ್ ಗಿಟಾರ್: ನುಡಿಸುವ ತಂತಿಗಿಂತ ನುಡಿಸದ ತಂತಿಯದೇ ಸದ್ದು ಹೆಚ್ಚಾಗಿದೆ, ಏನು ಮಾಡಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನಗೀಗ ನಲವತ್ತೊಂದು ವರ್ಷ. ಶಿವಮೊಗ್ಗದಲ್ಲಿ ಬೆಳೆದವನು, ಚಿಕ್ಕಂದಿನಲ್ಲಿ ನಾಲ್ಕು ವರ್ಷ ಕರ್ನಾಟಕ ಸಂಗೀತದ ಹಾಡುಗಾರಿಕೆ ಕಲಿತು, ಜೂನಿಯರ್ ಪರೀಕ್ಷೆ ಮುಗಿಸಿ ಅಲ್ಲಿಗೇ ಬಿಟ್ಟವನು. ಬೆಂಗಳೂರಿನಲ್ಲಿ ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ನವೆಂಬರಿನಲ್ಲೂ ರಾಜ್ಯೋತ್ಸವಕ್ಕೆ ನಿವಾಸಿಗಳೇ ಸೇರಿ ಆರ್ಕೆಸ್ಟ್ರಾ ನಡೆಸುತ್ತಾರೆ. ಗಿಟಾರಿನವರು ಮೂವರು, ಕೀಬೋರ್ಡಿನವರು ಇಬ್ಬರು, ಡ್ರಮ್ಸ್ ನುಡಿಸುವ ಕಾಲೇಜು ಹುಡುಗನೊಬ್ಬ ಇದ್ದಾರೆ; ಬೇಸ್ ಹಿಡಿಯುವವರು ಮಾತ್ರ ಯಾರೂ ಇಲ್ಲ. “ನಾಲ್ಕೇ ತಂತಿ ಸರ್, ಒಂದೊಂದೇ ಸ್ವರ, ನಿಮಗೆ ಹೇಗಿದ್ದರೂ ಸ್ವರಜ್ಞಾನ ಇದೆ” ಎಂದು ಎಲ್ಲರೂ ಹೇಳಿದಾಗ ನಾನೂ ನಂಬಿಬಿಟ್ಟೆ.

ಮೂರು ವಾರಗಳ ಹಿಂದೆ ಪರಿಚಯದವರೊಬ್ಬರಿಂದ 11,000 ರೂಪಾಯಿಗೆ ನಾಲ್ಕು ತಂತಿಯ, ಎರಡು ಪಿಕಪ್‌ಗಳ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿಗಳ) ಹಳೆಯ ಬೇಸ್ ಒಂದನ್ನು ಕೊಂಡೆ. ಮಗಳ ಗಿಟಾರಿಗೆಂದು ತಂದಿದ್ದ 10 ವಾಟಿನ ಚಿಕ್ಕ ಆಂಪ್ಲಿಫೈಯರಿಗೆ ಅದನ್ನು ಸಿಕ್ಕಿಸಿದ್ದೇನೆ. ಆಂಪ್ಲಿಫೈಯರ್ ಹಾಕಿದ ಕೂಡಲೇ ಗುಂಯ್ ಎನ್ನುವ ಸದ್ದು ಶುರುವಾಗುತ್ತದೆ. ತಂತಿಯನ್ನು ಮುಟ್ಟಿದರೆ ಸ್ವಲ್ಪ ಇಳಿಯುತ್ತದೆ. ಒಂದು ತಂತಿಯನ್ನು ಮೀಟಿದರೆ ಬೇರೊಂದು ತಂತಿ ತಾನಾಗಿಯೇ ಮೊಳಗುತ್ತದೆ. ಕತ್ತಿನ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಮೊದಲ ಮೂರರ ಬಳಿ ಒತ್ತಿದಾಗ ಲೋಹ ಲೋಹಕ್ಕೆ ಬಡಿದಂತೆ ಝರ್ರೆನ್ನುತ್ತದೆ. ಇದರ ಮೇಲೆ ಎಡಗೈಯ ಕಿರುಬೆರಳು ನನ್ನ ಮಾತನ್ನೇ ಕೇಳುವುದಿಲ್ಲ. ವಾದ್ಯವೇ ಕೆಟ್ಟದ್ದೇ ಅಥವಾ ತಪ್ಪು ನನ್ನದೇ ಎಂಬುದು ತಿಳಿಯದೆ ಅಭ್ಯಾಸಕ್ಕೆ ಕೂರುವ ಉತ್ಸಾಹವೇ ಕಡಿಮೆಯಾಗಿದೆ. ಇದನ್ನು ಮಾರಿ ಐದು ತಂತಿಯದನ್ನು ಕೊಳ್ಳುವಂತೆ ಗೆಳೆಯರೊಬ್ಬರು ಒತ್ತಾಯಿಸುತ್ತಿದ್ದಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಹಳೆಯ_ಆರ್ಕೆಸ್ಟ್ರಾ

ಮೊದಲು ಐದನೆಯ ತಂತಿಯ ಮಾತನ್ನು ಮುಗಿಸಿಬಿಡೋಣ. ಬೇಡ. ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ ಎಂಬ ನಿಮ್ಮ ಬೇಸ್‌ನ ನಾಲ್ಕು ತಂತಿಗಳಲ್ಲಿ ಅತಿ ದಪ್ಪನೆಯ ‘ಇ’ ಈಗಾಗಲೇ 41 ಹರ್ಟ್ಸ್‌ನ ಆಸುಪಾಸಿನಲ್ಲಿದೆ, ಅಂದರೆ ಗಿಟಾರಿನ ಅತಿ ಕೆಳಗಿನ ತಂತಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಐದನೆಯದಾಗಿ ಬರುವ ‘ಬಿ’ ತಂತಿ ಸುಮಾರು 31 ಹರ್ಟ್ಸ್‌ಗೆ ಇಳಿಯುತ್ತದೆ. ನಿಮ್ಮ 10 ವಾಟಿನ ಡಬ್ಬಿಗೆ 41 ಹರ್ಟ್ಸ್ ಹೊರಡಿಸುವ ಶಕ್ತಿಯೇ ಇಲ್ಲದಿರುವಾಗ 31ನ್ನು ಯಾರಿಗೆ ಕೇಳಿಸುತ್ತೀರಿ? ನಾಲ್ಕು ತಂತಿಗಳನ್ನೇ ಸುಮ್ಮನಿರಿಸಲು ಒದ್ದಾಡುತ್ತಿರುವವರು ಐದನೆಯದನ್ನು ಮನೆಗೆ ಕರೆತರಬಾರದು.

ನಾನು ಮೈಸೂರಿನ ಕಡೆಯವನು. ತೊಂಬತ್ತರ ದಶಕದಲ್ಲಿ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಹನ್ನೆರಡು ವರ್ಷ ಬೇಸ್ ನುಡಿಸಿದ್ದೇನೆ. ಈಗ ಬಹುತೇಕ ಕಡೆ ಕೀಬೋರ್ಡಿನವರೇ ಎಡಗೈಯಲ್ಲಿ ಬೇಸ್ ಮುಗಿಸಿಬಿಡುತ್ತಾರೆ. ನಿಮ್ಮ ಅಪಾರ್ಟ್‌ಮೆಂಟಿನವರು ಬೇಸ್ ನುಡಿಸುವವರನ್ನೇ ಹುಡುಕಿದರು ಎಂಬುದು ಕೇಳಲು ಹಿತವಾದ ಸುದ್ದಿ.

ಒಂದು ವಿಷಯ ಮನಸ್ಸಿನಲ್ಲಿರಲಿ. ಈ ವಾದ್ಯವನ್ನು ದೊಡ್ಡ ಗಿಟಾರ್ ಎಂದು ಎಣಿಸಬೇಡಿ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ತಂದದ್ದು, ಆಳೆತ್ತರದ ಡಬಲ್ ಬೇಸ್ ಹೊತ್ತು ಊರೂರು ತಿರುಗುತ್ತಿದ್ದವರಿಗೆ ಹೆಗಲಿಗೆ ಹಾಕಿಕೊಳ್ಳುವ ವಾದ್ಯವೊಂದನ್ನು ಕೊಡಲೆಂದು. ಫ್ರೆಟ್‌ಗಳಿದ್ದುದರಿಂದ ಸ್ವರ ನಿಖರವಾಗಿ ಕೂರುತ್ತಿತ್ತು. ಆ ಹೆಸರು ಬಂದದ್ದೇ ಅದರಿಂದ. ರೂಪ ಗಿಟಾರಿನದಾದರೂ ಕೆಲಸ ಡಬಲ್ ಬೇಸ್‌ನದು. ಆದ್ದರಿಂದ ಗಿಟಾರಿನವರ ಕೈಚಳಕ ನೋಡಿ ಅದನ್ನೇ ಇಲ್ಲಿ ಮಾಡಲು ಹೋದರೆ ಎರಡು ದೋಣಿಯ ಮೇಲೆ ಕಾಲಿಟ್ಟಂತಾಗುತ್ತದೆ.

ಮೊದಲ ಎರಡು ವಾರ ನುಡಿಸುವುದಕ್ಕಿಂತ ಹೆಚ್ಚು ಕೇಳಿರಿ. ಅದೂ ಮೊಬೈಲಿನ ಸ್ಪೀಕರಿನಲ್ಲಿ ಬೇಡ. ಅಷ್ಟು ಕೆಳಗಿನ ಸ್ವರದ ಮೂಲಧ್ವನಿ ಅದರಿಂದ ಹೊರಡುವುದೇ ಇಲ್ಲ. ಅದರ ಜೊತೆಗೇ ಹುಟ್ಟುವ ಮೇಲಿನ ಸ್ವರಗಳನ್ನು, ಅಂದರೆ ಅನುಸ್ವರಗಳನ್ನು, ಮಾತ್ರ ಕೇಳಿ ಉಳಿದದ್ದನ್ನು ಮಿದುಳು ಊಹಿಸಿಕೊಳ್ಳುತ್ತದೆ. ಕಿವಿ ತುಂಬ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು, ಇಳಯರಾಜ ಅವರು ಸಂಗೀತ ನೀಡಿದ 1983ರ ‘ಪಲ್ಲವಿ ಅನುಪಲ್ಲವಿ’ಯ ಹಾಡುಗಳನ್ನು ಹಾಕಿಕೊಳ್ಳಿ. ಗಾಯಕರನ್ನು ಮರೆತು ಬೇಸ್ ಏನು ಹೇಳುತ್ತಿದೆ ಎಂಬುದನ್ನಷ್ಟೇ ಗುನುಗಲು ಪ್ರಯತ್ನಿಸಿ. ಹಾಡುಗಾರಿಕೆ ಕಲಿತವರಿಗೆ ಇದು ಬೇಗ ಒಲಿಯುತ್ತದೆ. ಬಾಯಲ್ಲಿ ಬಾರದ್ದು ಬೆರಳಿನಲ್ಲಿ ಬಾರದು.

ಬೆಸುಗೆಕಡ್ಡಿ

ಗುಂಯ್ ಸದ್ದಿನ ವಿಷಯ ನನಗೆ ಬಿಡಿ; ರೇಡಿಯೊ, ಆಂಪ್ಲಿಫೈಯರ್ ರಿಪೇರಿಯೇ ನನ್ನ ಕಸುಬು.

ತಂತಿ ಮುಟ್ಟಿದಾಗ ಸದ್ದು ಇಳಿಯುತ್ತದೆ ಎಂದು ಬರೆದಿದ್ದೀರಿ. ಅದು ಒಳ್ಳೆಯ ಲಕ್ಷಣ. ಬೇಸ್‌ನ ಬ್ರಿಜ್‌ನಿಂದ (ತಂತಿಗಳು ಬುಡದಲ್ಲಿ ಕೂರುವ ಲೋಹದ ತುಂಡಿನಿಂದ) ಒಳಗೆ ಒಂದು ತೆಳುವಾದ ವೈರ್ ಅರ್ತ್‌ಗೆ ಹೋಗಿರುತ್ತದೆ. ಮುಟ್ಟಿದಾಗ ಏನೂ ಬದಲಾಗದಿದ್ದರೆ ಆ ವೈರ್ ಕಿತ್ತಿರಬಹುದು ಎಂದು ಶಂಕಿಸಬೇಕಾಗುತ್ತಿತ್ತು, ನಿಮ್ಮದು ಹಾಗಿಲ್ಲ. ಹೀಗೊಂದು ಪರೀಕ್ಷೆ ಮಾಡಿ. ಎರಡು ಪಿಕಪ್‌ಗಳಿಗೆ ಬೇರೆ ಬೇರೆ ವಾಲ್ಯೂಮ್ ಗುಂಡಿಗಳಿದ್ದರೆ ಎರಡನ್ನೂ ಪೂರ್ತಿ ತೆರೆಯಿರಿ. 1960ರಲ್ಲಿ ಬಂದ ‘ಜಾಝ್ ಬೇಸ್’ ಮಾದರಿಯ ವಾದ್ಯಗಳಲ್ಲಿ ಸಾಮಾನ್ಯವಾಗಿ ಎರಡು ಪಿಕಪ್‌ಗಳ ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಸುತ್ತಿರುತ್ತಾರೆ. ಎರಡೂ ಸಮನಾಗಿ ತೆರೆದಾಗ ಒಂದರ ಗುಂಯ್ ಇನ್ನೊಂದರ ಗುಂಯನ್ನು ನುಂಗುತ್ತದೆ. ಒಂದನ್ನು ಸ್ವಲ್ಪ ಇಳಿಸಿದರೂ ಸದ್ದು ಮತ್ತೆ ತಲೆಯೆತ್ತುತ್ತದೆ. ಎರಡನೆಯದಾಗಿ, ಕುರ್ಚಿಯನ್ನು ತಿರುಗಿಸಿ ಬೇರೆ ದಿಕ್ಕಿಗೆ ಮುಖ ಮಾಡಿ ಕುಳಿತು ನೋಡಿ. ಮೂರನೆಯದಾಗಿ, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಪೂರ್ತಿ ಆರಿಸಿ ನೋಡಿ. ಅರ್ಧ ವೇಗದಲ್ಲಿ ಫ್ಯಾನ್ ತಿರುಗುವಾಗ ಅದು ಎಬ್ಬಿಸುವ ಕರಕರೆ ಪಿಕಪ್‌ಗೆ ಬಹಳ ಇಷ್ಟ.

ಇನ್ನೊಂದು ತಮಾಷೆಯ ಸಂಗತಿ ಇದೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್‌ನದು. ಬೇಸ್‌ನಲ್ಲಿ ‘ಇ’ ತಂತಿಯ ಮೂರನೆಯ ಫ್ರೆಟ್‌ನ ‘ಜಿ’ ಸ್ವರ 49 ಹರ್ಟ್ಸ್. ಕರೆಂಟಿನ ಗುಂಯ್ ಮತ್ತು ನಿಮ್ಮ ‘ಜಿ’ ನಡುವೆ ಇರುವುದು ಒಂದೇ ಹರ್ಟ್ಸ್‌ನ ಅಂತರ. ಆದ್ದರಿಂದ ‘ಜಿ’ ಶ್ರುತಿಯ ಹಾಡುಗಳಲ್ಲಿ ಈ ಗುಂಯ್ ಅಡಗಿಕೊಂಡು, ಬೇರೆ ಶ್ರುತಿಗಳಲ್ಲಿ ಅಪಸ್ವರವಾಗಿ ಎದ್ದು ಕಾಣುತ್ತದೆ.

ತಮಾಷೆಯಲ್ಲದ ಮಾತೂ ಒಂದಿದೆ. ತಂತಿ ಮುಟ್ಟಿದಾಗ ಕೈಗೆ ಸಣ್ಣಗೆ ಜುಮ್ಮೆಂದರೆ ತಕ್ಷಣ ನಿಲ್ಲಿಸಿ, ಪ್ಲಗ್ ಕಿತ್ತು, ಮನೆಯ ಅರ್ತಿಂಗನ್ನು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಬೋರ್ಡಿಗೆ ತುರುಕುವ ಅಭ್ಯಾಸ ಖಂಡಿತ ಬೇಡ. ಗಿಟಾರ್ ಆಂಪ್ಲಿಫೈಯರನ್ನು ಸಣ್ಣ ವಾಲ್ಯೂಮಿನಲ್ಲಿ ಬಳಸಬಹುದು. ಸ್ಪೀಕರಿನ ಕಾಗದ ಹರಿದಂತೆ ಪರಪರ ಎನ್ನತೊಡಗಿದರೆ ವಾಲ್ಯೂಮ್ ಮಿತಿ ಮೀರಿತು ಎಂದರ್ಥ.

ವೈಣಿಕೆ

ತುಂಗಾತೀರ ಅವರೇ, ನಾನು ಇಪ್ಪತ್ತು ವರ್ಷ ವೀಣೆ ನುಡಿಸಿ, ಆರು ವರ್ಷಗಳಿಂದ ಬೇಸ್ ಕೂಡ ನುಡಿಸುತ್ತಿರುವವಳು. ನೀವು ಬರೆದವುಗಳಲ್ಲಿ ಎರಡನೆಯದೇ, ಅಂದರೆ ತಾನಾಗಿ ಮೊಳಗುವ ತಂತಿಯೇ, ನಿಜವಾದ ವಿಷಯ ಎಂಬುದು ನನ್ನ ಅಭಿಪ್ರಾಯ. ಉಳಿದವು ವಾದ್ಯದ ಜ್ವರ, ಮದ್ದು ಕೊಟ್ಟರೆ ಇಳಿಯುತ್ತವೆ. ಇದು ಮಾತ್ರ ಕೈಯಿಂದಲೇ ಹೋಗಬೇಕು.

ಒಂದು ಪ್ರಯೋಗ ಮಾಡಿ. ‘ಇ’ ತಂತಿಯ ಮೂರನೆಯ ಫ್ರೆಟ್ ಒತ್ತಿ ‘ಜಿ’ ನುಡಿಸಿ, ಎರಡು ಅಕ್ಷರಕಾಲ ಬಿಟ್ಟು ಎಡಗೈಯಿಂದ ಆ ತಂತಿಯನ್ನು ತಡೆಯಿರಿ. ಸ್ವರ ನಿಂತಿತೆಂದು ನೀವು ಅಂದುಕೊಂಡರೂ ಸದ್ದು ಉಳಿದಿರುತ್ತದೆ. ಈಗ ಅತ್ಯಂತ ತೆಳುವಾದ ‘ಜಿ’ ತಂತಿಯನ್ನು ಬೆರಳ ತುದಿಯಿಂದ ಮುಟ್ಟಿ. ಸದ್ದು ಥಟ್ಟನೆ ಸಾಯುತ್ತದೆ. ಆ ತಂತಿಯನ್ನು ನೀವು ಮೀಟಿಯೇ ಇರಲಿಲ್ಲ. ಕೆಳಸ್ಥಾಯಿಯ ‘ಜಿ’ ಮೊಳಗಿದಾಗ ಅದರ ಅನುಸ್ವರಕ್ಕೆ ಮೇಲಿನ ‘ಜಿ’ ತಂತಿ ತಾನೇ ಕಂಪಿಸಿತು. ಸಿತಾರಿನಲ್ಲಿ ತರಬ್ ತಂತಿಗಳನ್ನು ಇದಕ್ಕೆಂದೇ ಕಟ್ಟುತ್ತಾರೆ. ಅಲ್ಲಿ ಅದು ಸೊಗಸು. ಬೇಸ್‌ನಲ್ಲಿ ಅದು ಕೊಳೆ, ಏಕೆಂದರೆ ಕೆಳಗಿನ ಸ್ಥಾಯಿಯಲ್ಲಿ ಎರಡು ಸ್ವರ ಒಟ್ಟಿಗೆ ಉಳಿದರೆ ಇಡೀ ಮೇಳ ಮಸುಕಾಗುತ್ತದೆ.

ತಡೆಯುವ ಕೆಲಸವನ್ನು ಎರಡು ಕೈಗಳೂ ಹಂಚಿಕೊಳ್ಳುತ್ತವೆ. ಬಲಗೈ ದಪ್ಪ ತಂತಿಗಳನ್ನು ನೋಡಿಕೊಳ್ಳುತ್ತದೆ, ಎಡಗೈ ತೆಳು ತಂತಿಗಳನ್ನು ನೋಡಿಕೊಳ್ಳುತ್ತದೆ. ‘ಇ’ ನುಡಿಸುವಾಗ ಬಲಗೈಯ ಹೆಬ್ಬೆರಳು ಪಿಕಪ್‌ನ ಮೇಲೆ ಇರಲಿ. ‘ಎ’ ತಂತಿಗೆ ಹೋದ ಕೂಡಲೇ ಹೆಬ್ಬೆರಳನ್ನು ಕೆಳಗಿಳಿಸಿ ‘ಇ’ ತಂತಿಯ ಮೇಲೆ ಒರಗಿಸಿ. ಆಗ ‘ಇ’ ಸದ್ದಿಲ್ಲದೆ ಕೂರುತ್ತದೆ. ‘ಡಿ’ ತಂತಿಯನ್ನು ಮೀಟಿದ ತೋರುಬೆರಳು ಗಾಳಿಯಲ್ಲಿ ಹಾರಿಹೋಗದೆ ಪಕ್ಕದ ‘ಎ’ ತಂತಿಗೆ ಬಂದು ತಗುಲಿ ನಿಲ್ಲಬೇಕು. ಹೀಗೆ ಮೀಟಿದ ಬೆರಳೇ ಮುಂದಿನ ಕ್ಷಣದಲ್ಲಿ ಕಾವಲುಗಾರನಾಗುತ್ತದೆ. ಎಡಗೈಯಲ್ಲಿ ಒತ್ತುವ ಬೆರಳನ್ನು ಗಿಟಾರಿನವರಂತೆ ಕಮಾನಾಗಿ ನೆಟ್ಟಗೆ ನಿಲ್ಲಿಸದೆ ಸ್ವಲ್ಪ ಮಲಗಿಸಿದರೆ, ಅದರ ಒಳಭಾಗ ಕೆಳಗಿನ ತೆಳು ತಂತಿಗಳನ್ನು ಮೆಲ್ಲಗೆ ಮುಟ್ಟಿಕೊಂಡಿರುತ್ತದೆ.

ವೀಣೆಯಿಂದ ಬಂದ ನನಗೆ ಇದರಲ್ಲಿ ಬಹಳ ಕಷ್ಟವಾಯಿತು. ವೀಣೆಯಲ್ಲಿಯೂ ತೋರುಬೆರಳು ಮತ್ತು ಮಧ್ಯದ ಬೆರಳಿನಿಂದಲೇ ಮೀಟುತ್ತೇವೆ, ಆದರೆ ಹೊರಗೆ ತಳ್ಳಿ ಮೀಟುತ್ತೇವೆ. ಬೇಸ್‌ನಲ್ಲಿ ಅಂಗೈಯ ಕಡೆಗೆ ಎಳೆಯಬೇಕು. ವೀಣೆಯಲ್ಲಿ ತಂತಿಯನ್ನು ಮೆಟ್ಟಿನ ಮೇಲೆ ಪಕ್ಕಕ್ಕೆ ಎಳೆದು ಗಮಕ ತರುತ್ತೇವೆ; ಇಲ್ಲಿ ಹಾಗೆ ಎಳೆದರೆ ಶ್ರುತಿ ಕೆಡುತ್ತದೆ ಅಷ್ಟೇ. ಎಲ್ಲಕ್ಕಿಂತ ಹೆಚ್ಚಾಗಿ, ಮೀಟಿದ ನಾದ ತಾನಾಗಿ ಕರಗುವವರೆಗೆ ಕಾಯುವುದು ನಮ್ಮ ಅಭ್ಯಾಸ. ಬೇಸ್‌ನಲ್ಲಿ ನಾದವನ್ನು ಕೊನೆಗೊಳಿಸುವುದೂ ನುಡಿಸುವವರದೇ ಹೊಣೆ.

ಈ ಅಭ್ಯಾಸ ಕೈಗೆ ಹತ್ತುವವರೆಗೆ ಪಾತ್ರೆ ತೊಳೆಯುವ ಹೊಸ ಸ್ಪಂಜಿನಿಂದ ಎರಡು ಬೆರಳು ಅಗಲದ ತುಂಡನ್ನು ಕತ್ತರಿಸಿ, ಬ್ರಿಜ್‌ನ ಪಕ್ಕದಲ್ಲಿ ತಂತಿಗಳ ಕೆಳಗೆ ತೂರಿಸಿ ನೋಡಿ. ನಾದ ಗಿಡ್ಡವಾಗಿ, ದುಂಡಗಾಗಿ ಬರುತ್ತದೆ. ಇದು ಮೋಸವಲ್ಲ. ಹಿಂದಿನ ಫೆಂಡರ್ ಬೇಸ್‌ಗಳ ಬ್ರಿಜ್ ಮುಚ್ಚಳದೊಳಗೆ ಕಾರ್ಖಾನೆಯಲ್ಲೇ ಫೋಮ್ ಅಂಟಿಸಿರುತ್ತಿದ್ದರು.

ಪಡುಗಡಲು

ಝರ್ರೆನ್ನುವ ಸದ್ದಿಗೆ ನನ್ನ ಎರಡು ಮಾತು. ನಾನು ಮಂಗಳೂರಿನವನು, ಇಲ್ಲಿಯ ತೇವದಲ್ಲಿ ತಂತಿಗೆ ತುಕ್ಕು ಹಿಡಿಯುವುದನ್ನೂ ಕತ್ತಿನ ಮರ ಮಳೆಗಾಲಕ್ಕೊಂದು, ಬೇಸಿಗೆಗೊಂದು ರೀತಿ ಬಾಗುವುದನ್ನೂ ನೋಡುತ್ತಲೇ ಕಲಿತವನು.

‘ಇ’ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿದು, ಏಳನೆಯ ಫ್ರೆಟ್‌ನ ಬಳಿ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದಿ ಇದೆ ಎಂದು ನೋಡಿ. ಸುಮಾರು 0.3 ಮಿಲಿಮೀಟರ್, ಅಂದರೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದಿ ಇದ್ದರೆ ಸರಿ. ಸಂದಿಯೇ ಇಲ್ಲದಿದ್ದರೆ ಕತ್ತು ಹಿಂದಕ್ಕೆ ಬಾಗಿದೆ, ಮೊದಲ ಫ್ರೆಟ್‌ಗಳು ಝರ್ರೆನ್ನುವುದು ಹೆಚ್ಚಾಗಿ ಇದರಿಂದಲೇ. ಕತ್ತಿನೊಳಗಿರುವ ಟ್ರಸ್ ರಾಡ್ ಎಂಬ ಸರಳನ್ನು ಕಾಲು ಸುತ್ತು ಸಡಿಲಿಸಿ ಒಂದು ದಿನ ಬಿಟ್ಟು ನೋಡಬೇಕು. ಅದು ತಿರುಗಲು ಒಪ್ಪದಿದ್ದರೆ ಬಲ ಹಾಕಬೇಡಿ, ಗಿಟಾರ್ ರಿಪೇರಿಯವರ ಬಳಿ ಒಯ್ಯಿರಿ. ಹನ್ನೆರಡನೆಯ ಫ್ರೆಟ್‌ನಲ್ಲಿ ತಂತಿಯ ಎತ್ತರ 2ರಿಂದ 2.5 ಮಿಲಿಮೀಟರ್ ಇದ್ದರೆ ಹೊಸಬರ ಬೆರಳಿಗೆ ಹಿತ.

ನಾನು ಕಲಿಯಲು ಹೊರಟಾಗ ಅಂಗಡಿಯೊಂದರಲ್ಲಿ ತಿರುಚಿಕೊಂಡ ಕತ್ತಿನ ಬೇಸ್ ಒಂದನ್ನು “ನುಡಿಸುತ್ತಾ ಸರಿಹೋಗುತ್ತದೆ” ಎಂದು ಕೊಟ್ಟು ಕಳಿಸಿದ್ದರು. ಒಂದು ವರ್ಷ ನನ್ನ ಬೆರಳನ್ನೇ ಬೈದುಕೊಂಡೆ. ಬಾಗಿದ ಕತ್ತು ಸರಿಹೋಗುತ್ತದೆ, ತಿರುಚಿದ ಕತ್ತು ಹೋಗುವುದಿಲ್ಲ. ಬೇಸ್‌ನ ಬುಡದ ಕಡೆಯಿಂದ, ಬಂದೂಕಿನ ಗುರಿ ನೋಡುವಂತೆ, ಕತ್ತಿನ ಉದ್ದಕ್ಕೂ ಕಣ್ಣು ಹಾಯಿಸಿದರೆ ಎರಡರ ವ್ಯತ್ಯಾಸ ತಿಳಿಯುತ್ತದೆ.

ಇನ್ನು ಕಿರುಬೆರಳು. ಬೇಸ್‌ನ ತಂತಿಯ ಉದ್ದ ಸಾಮಾನ್ಯವಾಗಿ 34 ಇಂಚು, ಗಿಟಾರಿನದು 25.5 ಇಂಚು. ಮೊದಲ ಫ್ರೆಟ್‌ನ ಮನೆ ಗಿಟಾರಿನಲ್ಲಿ 36 ಮಿಲಿಮೀಟರ್ ಅಗಲವಿದ್ದರೆ ಬೇಸ್‌ನಲ್ಲಿ 48. ಬೆರಳಿಗೊಂದು ಫ್ರೆಟ್ ಎಂಬ ಗಿಟಾರಿನ ನಿಯಮವನ್ನು ಅಲ್ಲಿ ಹಿಡಿದರೆ ಮಣಿಕಟ್ಟು ನೋಯುತ್ತದೆ. ಹತ್ತೊಂಬತ್ತನೆಯ ಶತಮಾನದ ಡಬಲ್ ಬೇಸ್ ಗುರು ಫ್ರಾಂಟ್ಸ್ ಸಿಮಾಂಡ್ಲ್ ಅವರ ಪದ್ಧತಿಯಂತೆ ಮೂರು ಫ್ರೆಟ್‌ಗಳಿಗೆ ತೋರುಬೆರಳು, ಮಧ್ಯದ ಬೆರಳು, ಕಿರುಬೆರಳು ಬಳಸಿ. ಉಂಗುರದ ಬೆರಳು ಕಿರುಬೆರಳಿಗೆ ಜೊತೆಯಾಗಿ ಒತ್ತಲಿ. ಐದನೆಯ ಫ್ರೆಟ್ ದಾಟಿದ ಮೇಲೆ ಬೆರಳಿಗೊಂದು ಫ್ರೆಟ್ ಸಾಧ್ಯ. ಬೆರಳ ತುದಿಯ ಚರ್ಮ ಉರಿದರೆ ಚಿಂತೆಯಿಲ್ಲ, ಮಣಿಕಟ್ಟು ನೊಂದರೆ ಆ ದಿನ ವಾದ್ಯ ಕೆಳಗಿಡಿ.

ತುಂಗಾತೀರ

ಇಷ್ಟು ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನಗಳಲ್ಲಿ ಆದದ್ದನ್ನು ವರದಿ ಮಾಡುತ್ತೇನೆ.

ಎರಡೂ ಗುಂಡಿ ಪೂರ್ತಿ ತೆರೆದಾಗ ಗುಂಯ್ ಮುಕ್ಕಾಲು ಪಾಲು ಇಳಿಯಿತು. ಉಳಿದ ಕಾಲು ಪಾಲು ಫ್ಯಾನಿನ ರೆಗ್ಯುಲೇಟರಿನದೇ. ಈಗ ಫ್ಯಾನ್ ಆರಿಸಿ, ಬೆವರುತ್ತಾ ಅಭ್ಯಾಸ ಮಾಡುತ್ತಿದ್ದೇನೆ. ವಿಸಿಟಿಂಗ್ ಕಾರ್ಡ್ ಏಳನೆಯ ಫ್ರೆಟ್‌ನಲ್ಲಿ ತೂರಲೇ ಇಲ್ಲ. ಸರಳನ್ನು ಮುಟ್ಟಲು ಧೈರ್ಯ ಬಾರದೆ ರಿಪೇರಿಯವರ ಬಳಿ ಒಯ್ದೆ. ಅವರು ಎರಡು ಬಾರಿ ಕಾಲು ಸುತ್ತು ಸಡಿಲಿಸಿ, ಹೊಸ ತಂತಿ ಹಾಕಿಕೊಟ್ಟರು. “ತಂತಿಯನ್ನು ಬಡಿಯುತ್ತಿದ್ದೀರಿ ಸರ್, ಆಂಪ್ಲಿಫೈಯರ್ ಜಾಸ್ತಿ ಮಾಡಿ ಕೈ ಕಡಿಮೆ ಮಾಡಿ” ಎಂದೂ ಹೇಳಿದರು. ಅರ್ಧ ಝರ್ರು ವಾದ್ಯದ್ದು, ಅರ್ಧ ನನ್ನದು ಎಂದಾಯಿತು.

‘ಜಿ’ ತಂತಿಯ ಪ್ರಯೋಗ ನನ್ನನ್ನು ಬೆಚ್ಚಿಬೀಳಿಸಿತು. ಮುಟ್ಟದ ತಂತಿ ಅಷ್ಟು ಹೊತ್ತು ಹಾಡುತ್ತದೆ ಎಂದು ನಾನು ಎಣಿಸಿರಲಿಲ್ಲ. ಸ್ಪಂಜನ್ನೂ ಹಾಕಿದ್ದೇನೆ.

ಈಗ ಏನನ್ನು ಅಭ್ಯಾಸ ಮಾಡಬೇಕು ಎಂಬುದೇ ಪ್ರಶ್ನೆ. ಚಿಕ್ಕಂದಿನಲ್ಲಿ ಕಲಿತ ಮೊದಲ ಸ್ವರಪಾಠವಾದ ಸರಳೆವರಸೆಯನ್ನೇ ನುಡಿಸಬಹುದೇ? ತಂತಿ ಮೀಟುವ ಪಿಕ್ ಎಂಬ ಪುಟ್ಟ ಬಿಲ್ಲೆ ಹಿಡಿಯಬೇಕೇ ಅಥವಾ ಬೆರಳೇ ಸಾಕೇ?

ವೈಣಿಕೆ

ಸರಳೆವರಸೆಯನ್ನು ಧಾರಾಳವಾಗಿ ನುಡಿಸಿ, ಮಾಯಾಮಾಳವಗೌಳ ರಾಗದ ಬದಲು ಶಂಕರಾಭರಣ ರಾಗದಲ್ಲಿ. ಸಿನಿಮಾ ಹಾಡುಗಳಿಗೆ ಅದು ಬೇಗ ಉಪಯೋಗಕ್ಕೆ ಬರುತ್ತದೆ. ‘ಇ’ ತಂತಿಯ ಮೂರನೆಯ ಫ್ರೆಟ್ ನಿಮ್ಮ ಷಡ್ಜವಾಗಲಿ. ಅಲ್ಲಿಂದ ಸ, ರಿ ಎರಡು ಸ್ವರ ‘ಇ’ ತಂತಿಯ ಮೂರು ಮತ್ತು ಐದನೆಯ ಫ್ರೆಟ್‌ಗಳಲ್ಲಿ. ಗ, ಮ, ಪ ಮೂರು ಸ್ವರ ‘ಎ’ ತಂತಿಯ ಎರಡು, ಮೂರು, ಐದರಲ್ಲಿ. ದ, ನಿ, ಮೇಲಿನ ಸ ‘ಡಿ’ ತಂತಿಯ ಎರಡು, ನಾಲ್ಕು, ಐದರಲ್ಲಿ ಸಿಗುತ್ತವೆ. ನಾಲ್ಕು ತಂತಿಗಳೂ ಒಂದರಿಂದೊಂದು ಮಧ್ಯಮದ (ಸ ಸ್ವರದಿಂದ ಮ ಸ್ವರದಷ್ಟು) ಅಂತರದಲ್ಲೇ ಶ್ರುತಿಯಾಗಿರುವುದರಿಂದ, ಈ ಒಂದು ಆಕಾರವನ್ನು ಎಲ್ಲಿ ಸರಿಸಿದರೂ ಷಡ್ಜ ಬದಲಾಗುತ್ತದೆಯೇ ಹೊರತು ಬೆರಳ ನಡೆ ಬದಲಾಗುವುದಿಲ್ಲ. ಗಾಯಕರು ಶ್ರುತಿ ಏರಿಸಿದರೆ ಕೀಬೋರ್ಡಿನವರಿಗೆ ಫಜೀತಿಯಾಗುತ್ತದೆ, ನಿಮಗಿಲ್ಲ.

ಆಕಾರದಲ್ಲಿ ಸ, ಪ, ಮೇಲಿನ ಸ ಎಲ್ಲಿವೆ ಎಂಬುದನ್ನು ಕಣ್ಣು ಮುಚ್ಚಿ ಕಂಡುಕೊಳ್ಳಿ. ಪಂಚಮ ಪಕ್ಕದ ತಂತಿಯಲ್ಲಿ ಎರಡು ಫ್ರೆಟ್ ಮುಂದೆ, ಮೇಲಿನ ಷಡ್ಜ ಅದರ ಪಕ್ಕದ ತಂತಿಯಲ್ಲಿ ಅದೇ ಫ್ರೆಟ್‌ನಲ್ಲಿ. ತಂಬೂರಿ ಏನು ಮಾಡುತ್ತದೆಯೋ ಅದರ ಅಸ್ಥಿಪಂಜರ ಇಷ್ಟೇ. ರಾಜ್ಯೋತ್ಸವದ ಮುಕ್ಕಾಲು ಹಾಡುಗಳನ್ನು ಈ ಮೂರರಲ್ಲಿ ದಾಟಿಸಬಹುದು.

ಹಳೆಯ_ಆರ್ಕೆಸ್ಟ್ರಾ

ಪಿಕ್ ವಿಷಯದಲ್ಲಿ ಬೆರಳೇ ಶ್ರೇಷ್ಠ ಎಂಬ ವಾದ ಬರುತ್ತದೆ ಎಂದು ನನಗೆ ಗೊತ್ತಿದೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಅಸಂಖ್ಯ ಧ್ವನಿಮುದ್ರಣಗಳಿಗೆ ಬೇಸ್ ನುಡಿಸಿದ ಕ್ಯಾರಲ್ ಕೇ ಪಿಕ್ ಹಿಡಿದೇ ನುಡಿಸಿದರು. ಮೋಟೌನ್ ಸಂಸ್ಥೆಯ ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದನ್ನೇ ಬಳಸಿದರು. ಎರಡು ಬೆರಳನ್ನು ಒಂದಾದ ಮೇಲೊಂದರಂತೆ ಬಳಸುವುದು ಇಂದು ರೂಢಿಯಲ್ಲಿರುವ ಕ್ರಮ. ಮೂರರಲ್ಲಿ ಯಾವುದೂ ಕೀಳಲ್ಲ. ಆದರೂ ನಿಮ್ಮ ಸಮಸ್ಯೆ ಬೇಡದ ತಂತಿಯನ್ನು ತಡೆಯುವುದಾಗಿರುವಾಗ, ತಂತಿಯನ್ನು ನೇರವಾಗಿ ಮುಟ್ಟಿ ಕಲಿಯುವ ಬೆರಳಿನಿಂದಲೇ ಆರಂಭಿಸಿ.

ಎಡಗೈ_ಡ್ರಮ್

ಇಲ್ಲಿಯವರೆಗೆ ಡ್ರಮ್ಮರನ್ನು ಯಾರೂ ಕರೆಯಲಿಲ್ಲ, ಕರೆಯದೆಯೇ ಬಂದಿದ್ದೇನೆ. ಬೇಸ್ ನುಡಿಸುವವರು ಸ್ವರ ತಪ್ಪಿದರೆ ಸಭೆಯಲ್ಲಿ ಇಬ್ಬರಿಗೆ ತಿಳಿಯುತ್ತದೆ. ಕಾಲ ತಪ್ಪಿದರೆ ಕುಣಿಯುತ್ತಿರುವ ಮಕ್ಕಳಿಗೂ ತಿಳಿಯುತ್ತದೆ.

ಸಮನಾಗಿ ಬಡಿಯುವ ಮೆಟ್ರೊನೋಮ್ ಯಂತ್ರವನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಆದಿತಾಳದ ಎಂಟು ಅಕ್ಷರಗಳನ್ನು ಬಾಯಲ್ಲಿ ಎಣಿಸಿ. ಒಂದನೆಯ ಅಕ್ಷರದಲ್ಲಿ ಒಂದೇ ಸ್ವರ ಮೀಟಿ, ಐದನೆಯ ಅಕ್ಷರ ಬೀಳುವ ಕ್ಷಣದಲ್ಲೇ ಅದನ್ನು ನಿಲ್ಲಿಸಿ, ಎಂಟು ಮುಗಿಯುವವರೆಗೆ ಪೂರ್ಣ ಮೌನ. ಕೇಳಲು ಮಕ್ಕಳಾಟ, ಧ್ವನಿ ಮುದ್ರಿಸಿಕೊಂಡು ನೋಡಿ. ಆರಂಭ ಸರಿಯಾಗಿಯೇ ಇರುತ್ತದೆ, ಕೊನೆ ಮಾತ್ರ ಪ್ರತಿ ಬಾರಿ ಬೇರೆ ಬೇರೆ ಕಡೆ ಬೀಳುತ್ತದೆ. ನಾನು ಸ್ನೇರ್ ಎಂಬ ಚುರುಕು ಸದ್ದಿನ ಡ್ರಮ್ ಹೊಡೆಯುವ ಜಾಗದಲ್ಲಿ ನಿಮ್ಮ ಸ್ವರ ಇನ್ನೂ ಎಳೆಯುತ್ತಿದ್ದರೆ ನನ್ನ ಪೆಟ್ಟು ಮೊಂಡಾಗಿ ಕೇಳುತ್ತದೆ, ಸ್ವರ ಅಲ್ಲಿಗೆ ಸರಿಯಾಗಿ ಮುಗಿದರೆ ಅದೇ ಪೆಟ್ಟು ಸಿಡಿಯುತ್ತದೆ. ಇದಾದ ಮೇಲೆ ಮೆಟ್ರೊನೋಮಿನ ಬಡಿತವನ್ನು ಎರಡು ಮತ್ತು ನಾಲ್ಕನೆಯ ಮಾತ್ರೆ ಎಂದು ಭಾವಿಸಿ ನುಡಿಸಿ. ಹಾಡಿನ ವೇಗ 80 ಇದ್ದರೆ ಯಂತ್ರವನ್ನು 40ಕ್ಕೆ ಇಡಬೇಕಾಗುತ್ತದೆ. ಒಂದನೆಯ ಮಾತ್ರೆಯನ್ನು ನೀವೇ ಹುಡುಕಿಕೊಳ್ಳಬೇಕಾದ ಆ ಸಂಕಟವೇ ನಿಮ್ಮ ಪಾಠ.

ಅಪಾರ್ಟ್‌ಮೆಂಟಿನ ಆ ಕಾಲೇಜು ಹುಡುಗನನ್ನು ಒಂದು ಭಾನುವಾರ ಮನೆಗೆ ಕರೆಯಿರಿ. ಹಾಡು ಬೇಡ. ಅವನು ಕಾಲಿನ ಕಿಕ್ ಡ್ರಮ್ ಮಾತ್ರ ನುಡಿಸಲಿ, ನೀವು ಕಿಕ್ ಬಿದ್ದಲ್ಲಿ ಮಾತ್ರ ಷಡ್ಜ ಮೀಟಿ. ಎರಡು ಸದ್ದು ಒಂದೇ ಸದ್ದಾಗಿ ಕೇಳುವ ತನಕ ಅಷ್ಟನ್ನೇ ಮಾಡಿ.

ತುಂಗಾತೀರ

ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ, ತಡಕ್ಕೆ ಕ್ಷಮೆ ಇರಲಿ. ಮೊನ್ನೆ ಮೊದಲ ತಾಲೀಮು ನಡೆಯಿತು.

ಎಡವಿದ್ದು ನಾನು ಊಹಿಸದ ಕಡೆ. ಗಿಟಾರಿನವರು “ಜಿ, ಸಿ, ಡಿ ಅಷ್ಟೇ ಸರ್” ಎಂದು ಹೇಳಿದರು. ನಾನು ಅದನ್ನೇ ನುಡಿಸಿದೆ. ಇಡೀ ಹಾಡು ಹುಳಿ ಹಿಂಡಿದಂತಾಯಿತು. ಎಲ್ಲರೂ ನನ್ನತ್ತ ನೋಡಿದರು. ಬೇಸ್ ಶ್ರುತಿ ಕೆಟ್ಟಿದೆಯೇ ಎಂದು ಎರಡು ಬಾರಿ ಟ್ಯೂನರ್ ಹಾಕಿ ನೋಡಿದೆ, ಸರಿಯಾಗಿತ್ತು. ಕೊನೆಗೆ ಹಾಡುತ್ತಿದ್ದ ಮೇಡಂ ಅವರ ಷಡ್ಜವನ್ನು ಗುನುಗಿ ನನ್ನ ತಂತಿಯಲ್ಲಿ ಹುಡುಕಿದಾಗ ಅದು ‘ಜಿ’ ಅಲ್ಲ, ‘ಎ’ ಎಂದು ತಿಳಿಯಿತು. ಗಿಟಾರಿನವರು ಎರಡನೆಯ ಫ್ರೆಟ್‌ನಲ್ಲಿ ಕೇಪೊ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್, ಹಾಕಿಕೊಂಡಿದ್ದರು. ಅವರ ಕೈಯ ಆಕಾರ ‘ಜಿ’ಯದು, ಹೊರಡುತ್ತಿದ್ದ ಸ್ವರ ‘ಎ’. ನಾನು ಎರಡು ಫ್ರೆಟ್ ಮುಂದೆ ಸರಿದೆ. ಬೆರಳ ನಡೆ ಬದಲಾಗಲಿಲ್ಲ, ವೈಣಿಕೆಯವರು ಹೇಳಿದಂತೆಯೇ ಆಯಿತು.

ಹುಡುಗನೊಡನೆ ಕಿಕ್ ಡ್ರಮ್ ಅಭ್ಯಾಸವನ್ನು ಆರು ಭಾನುವಾರ ಮಾಡಿದೆ. ಮೊದಲ ಎರಡು ಭಾನುವಾರ ನಾನು ಪ್ರತಿ ಬಾರಿ ಕೂದಲೆಳೆಯಷ್ಟು ಮುಂದೆ ಬೀಳುತ್ತಿದ್ದೆ, ಆತುರ. ಈಗ ಹತ್ತರಲ್ಲಿ ಏಳು ಕೂಡುತ್ತವೆ. ತಾಲೀಮಿನ ಧ್ವನಿಮುದ್ರಣವನ್ನು ಇಲ್ಲಿ ಹಾಕಿದ್ದೇನೆ. ಸ್ಪಂಜ್ ತೆಗೆದು ನುಡಿಸಿದ್ದು. ದಯವಿಟ್ಟು ದಾಕ್ಷಿಣ್ಯವಿಲ್ಲದೆ ಹೇಳಿ.

ಎಡಗೈ_ಡ್ರಮ್

ಪಲ್ಲವಿ ಗಟ್ಟಿಯಾಗಿದೆ. ಚರಣಕ್ಕೆ ಹೋಗುವಾಗ ಇಬ್ಬರೂ ಓಡುತ್ತೀರಿ, ಅದರಲ್ಲಿ ಹುಡುಗನದೇ ತಪ್ಪು ಹೆಚ್ಚು. ನೀವು ಅವನ ಹಿಂದೆ ಓಡಬೇಡಿ, ನಿಂತಲ್ಲೇ ನಿಲ್ಲಿ; ಎರಡು ಆವರ್ತದಲ್ಲಿ ಅವನೇ ಹಿಂದಿರುಗುತ್ತಾನೆ.

ವೈಣಿಕೆ

ಹೆಡ್‌ಫೋನಿನಲ್ಲಿ ಮೂರು ಬಾರಿ ಕೇಳಿದೆ. ದಪ್ಪ ತಂತಿಗಳು ಸಂಪೂರ್ಣ ಸ್ವಚ್ಛವಾಗಿವೆ, ನಿಮ್ಮ ಹೆಬ್ಬೆರಳು ಕೆಲಸ ಕಲಿತಿದೆ. ಚರಣದ ಎರಡನೆಯ ಸಾಲಿನಲ್ಲಿ ಮಾತ್ರ, ‘ಇ’ ತಂತಿಯ ಐದನೆಯ ಫ್ರೆಟ್‌ನ ‘ಎ’ ನುಡಿಸಿ ಬಿಟ್ಟ ಕೂಡಲೇ, ತೆರೆದ ‘ಎ’ ತಂತಿ ಮೊಳಗುತ್ತಲೇ ಉಳಿಯುತ್ತದೆ. ಎರಡೂ ಒಂದೇ ಸ್ವರವಾದ್ದರಿಂದ ಅದು ಬೇರೆ ತಂತಿ ಎಂದು ನಿಮ್ಮ ಕಿವಿಗೆ ಹೊಳೆದಿಲ್ಲ. ನೀವು ಕಿರುಬೆರಳಿನ ತುದಿಯಿಂದ ನೆಟ್ಟಗೆ ಒತ್ತುತ್ತಿದ್ದೀರಿ ಎಂದು ನನ್ನ ಊಹೆ. ಉಳಿದ ಮೂರು ಬೆರಳುಗಳು ಗಾಳಿಯಲ್ಲಿರದೆ ಹಿಂದಿನ ಫ್ರೆಟ್‌ಗಳಲ್ಲಿ ‘ಎ’ ತಂತಿಯ ಮೇಲೆ ಮೆಲ್ಲಗೆ ಮಲಗಿರಲಿ.

ತುಂಗಾತೀರ

ಈಗಷ್ಟೇ ಕನ್ನಡಿಯ ಮುಂದೆ ಕುಳಿತು ನೋಡಿದೆ. ಮೂರೂ ಬೆರಳುಗಳು ಚಹಾ ಲೋಟ ಹಿಡಿದವರಂತೆ ಮೇಲಕ್ಕೆ ನಿಂತಿದ್ದವು. ಮಲಗಿಸಿದೆ, ಸದ್ದು ನಿಂತಿತು. ಮಲಗಿಸಿಕೊಂಡೇ ಮುಂದಿನ ಸ್ವರಕ್ಕೆ ಹೋಗುವುದು ಇನ್ನೂ ಬರುತ್ತಿಲ್ಲ. ಕಾರ್ಯಕ್ರಮಕ್ಕೆ ಹನ್ನೊಂದು ದಿನ ಇದೆ, ಇವತ್ತು ರಾತ್ರಿ ಆ ಒಂದು ಸಾಲನ್ನೇ ನುಡಿಸುತ್ತೇನೆ.